ಜಗಲಿಯ ಪ್ಲಗ್ ಬೋರ್ಡು

2023ರ ಫೆಬ್ರವರಿ. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸರ್ ಹುದ್ದೆಯಿಂದ ನಾನು ನಿವೃತ್ತನಾಗಿ ಒಂದೂವರೆ ವರ್ಷ ಕಳೆದಿತ್ತು. ಮೂವತ್ತಮೂರು ವರ್ಷದ ನೌಕರಿಯಲ್ಲಿ ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ ತಾಲ್ಲೂಕು ಬಿಟ್ಟು ಆಚೆ ಹೋದವನಲ್ಲ. ಸೆಕ್ಷನ್ ಆಫೀಸರ್ ಎಂದರೆ ಒಂದಷ್ಟು ಹಳ್ಳಿಗಳ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳಿಗೆಲ್ಲ ಹೊಣೆಗಾರ. ಕರೆಂಟು ಹೋದಾಗ ಬೈಸಿಕೊಳ್ಳುವವನು ಎಂದರೂ ತಪ್ಪಲ್ಲ. "ಯಾವಾಗ ಬತ್ತದೆ ಸಾ ಕರೆಂಟು?" ಎಂಬ ಒಂದೇ ಪ್ರಶ್ನೆಯನ್ನು ಅಷ್ಟೂ ವರ್ಷ ಕೇಳಿದ್ದೇನೆ.

ನಿವೃತ್ತಿಯಾದ ಮೊದಲ ತಿಂಗಳು ಫೋನ್ ಸುಮ್ಮನಿದ್ದದ್ದು ಹಾಯೆನಿಸಿತು. ಎರಡನೇ ತಿಂಗಳು ಫೋನ್ ಕೆಟ್ಟಿದೆಯೇನೋ ಎಂದು ಅಂಗಡಿಗೆ ಒಯ್ದು ತೋರಿಸಿದೆ. ಕೆಟ್ಟಿರಲಿಲ್ಲ. ಹೆಂಡತಿ ತೀರಿಕೊಂಡು ಆಗಲೇ ನಾಲ್ಕು ವರ್ಷ, ಮಕ್ಕಳಿಲ್ಲ. ಹಾಸನದ ಎರಡು ಕೋಣೆಯ ಮನೆಯಲ್ಲಿ ನನ್ನ ಕೆಮ್ಮು ನನಗೇ ಕೇಳಿಸುತ್ತಿತ್ತು. ಅಷ್ಟರಲ್ಲಿ ಸೋಲಾರ್ ಭರಾಟೆ ಶುರುವಾಯಿತು. ಪರಿಚಯದವರು "ಒಂದ್ಸಲ ಬಂದು ನೋಡಿ, ಯಾವುದು ಹಾಕಿಸಬೇಕು ಹೇಳಿ" ಎಂದು ಕರೆಯತೊಡಗಿದರು. ನಾನು ಏನನ್ನೂ ಮಾರುವವನಲ್ಲ. ಮನೆ ನೋಡಿ, ಲೆಕ್ಕ ಹಾಕಿ, ಏನು ಕೊಳ್ಳಬೇಕೆಂದು ಬರೆದುಕೊಟ್ಟು ಬರುತ್ತಿದ್ದೆ. ಹಾಗೆ ಬಂದ ಕರೆಗಳಲ್ಲಿ ಒಂದು ಚನ್ನಬಸಪ್ಪನವರದು.

ಹಳ್ಳಿಮೈಸೂರಿನಿಂದ ಮೂರು ಕಿಲೋಮೀಟರ್ ಒಳಗೆ ಅವರ ಊರು. ಮನೆಯ ಮುಂಭಾಗದಲ್ಲೇ ದಿನಸಿ ಅಂಗಡಿ ಇತ್ತು. ಇಪ್ಪತ್ತೆರಡು ವರ್ಷ ನಡೆಸಿದ ಅಂಗಡಿಯನ್ನು ಮುಚ್ಚಿ ಏಳು ತಿಂಗಳಾಗಿತ್ತು. ಅವರ ಹೆಂಡತಿ ಗೌರಮ್ಮನಿಗೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಹಾಸನದ ಡಾಕ್ಟರು ದಿನವಿಡೀ ಆಕ್ಸಿಜನ್ ಬೇಕೆಂದು ಹೇಳಿ, ಕಾನ್ಸೆಂಟ್ರೇಟರ್ ಎಂಬ ಯಂತ್ರ ಬರೆದುಕೊಟ್ಟಿದ್ದರು. ಅದು ಸುತ್ತಲಿನ ಗಾಳಿಯನ್ನೇ ಎಳೆದು, ಅದರಲ್ಲಿನ ಆಮ್ಲಜನಕವನ್ನು ಬೇರ್ಪಡಿಸಿ, ಕೊಳವೆಯಲ್ಲಿ ಮೂಗಿಗೆ ಕೊಡುತ್ತದೆ. ಸಿಲಿಂಡರ್‌ನಂತೆ ಖಾಲಿಯಾಗುವುದಿಲ್ಲ, ಆದರೆ ಕರೆಂಟು ಹೋದ ಕ್ಷಣಕ್ಕೆ ನಿಂತುಹೋಗುತ್ತದೆ. ಆ ಊರಿನ ಲೈನು ಎಂಥದ್ದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಗಾಳಿ ಬೀಸಿದರೆ ತೆಂಗಿನ ಗರಿ ತಂತಿಯ ಮೇಲೆ ಬೀಳುತ್ತಿತ್ತು.

ನಾನು ಹೋಗುವ ಹೊತ್ತಿಗೆ ಚನ್ನರಾಯಪಟ್ಟಣದ ಯಾರೋ ಏಜೆಂಟ್ ಮೂರು ಕಿಲೋವ್ಯಾಟ್‌ನ ಆನ್‌ಗ್ರಿಡ್ ಸೋಲಾರ್ ಒಪ್ಪಿಸಿ ಹೋಗಿದ್ದ.

"ಸೋಲಾರ್ ಇದ್ರೆ ಕರೆಂಟಿನ ಚಿಂತೆನೇ ಇಲ್ಲ ಅಂದ ಸಾ," ಎಂದರು ಚನ್ನಬಸಪ್ಪ.

ನನಗೆ ಮೈ ಉರಿಯಿತು. ಆನ್‌ಗ್ರಿಡ್ ಎಂದರೆ ಬ್ಯಾಟರಿ ಇಲ್ಲದ, ಲೈನಿನ ಜೊತೆಗೇ ಕೂಡಿಕೊಂಡು ನಡೆಯುವ ವ್ಯವಸ್ಥೆ. ಬಿಲ್ ಇಳಿಸುತ್ತದೆ, ನಿಜ. ಆದರೆ ಕಂಬದಲ್ಲಿ ಕರೆಂಟು ಹೋದರೆ ನೆತ್ತಿಯ ಮೇಲೆ ಸೂರ್ಯನಿದ್ದರೂ ಅದು ತಾನಾಗಿ ಬಂದ್ ಆಗುತ್ತದೆ. ಆಗಲೇಬೇಕು. ಇಲ್ಲದಿದ್ದರೆ ನಿಮ್ಮ ತಾರಸಿಯ ವಿದ್ಯುತ್ತು ಹೊರಗಿನ ತಂತಿಗೆ ಹರಿದು, ಕಂಬ ಹತ್ತಿದ ನಮ್ಮ ಲೈನ್‌ಮನ್ ಹೆಣವಾಗಿ ಇಳಿಯುತ್ತಾನೆ. ಇಷ್ಟನ್ನೂ ಹೇಳದೆ, ಉಸಿರಿಗಾಗಿ ಕೇಳುವವರಿಗೆ ಆನ್‌ಗ್ರಿಡ್ ಒಪ್ಪಿಸಿದವನನ್ನು ಏನೆನ್ನಬೇಕು?

"ಬಸಪ್ಪೋರೇ, ಇದನ್ನ ಹಾಕಿಸಿದ್ರೆ ಅಮ್ಮಾವ್ರ ಮಿಷನ್ ಈಗ ನಿಂತಂಗೇ ಆಗಲೂ ನಿಲ್ಲುತ್ತೆ," ಎಂದೆ. ಅವರ ಮುಖ ಬಿಳಿಚಿಕೊಂಡಿತು. ಅವತ್ತೇ ಫೋನ್ ಮಾಡಿ ಬೇಡವೆಂದು ಹೇಳಿಸಿದೆ.

ಇಂಥ ಮನೆಗೆ ಬೇಕಾದದ್ದು ಹೈಬ್ರಿಡ್. ಪ್ಯಾನೆಲ್, ಬ್ಯಾಟರಿ, ಲೈನು ಮೂರನ್ನೂ ಸಂಭಾಳಿಸುವ ಇನ್ವರ್ಟರ್ ಅದು. ಕರೆಂಟು ಹೋದಾಗ ಲೈನಿನಿಂದ ತನ್ನನ್ನು ಕಡಿದುಕೊಂಡು, ಆಯ್ದ ಕೆಲವು ಪಾಯಿಂಟ್‌ಗಳಿಗೆ ಮಾತ್ರ ಬ್ಯಾಟರಿಯಿಂದ ಕೊಡುತ್ತದೆ. ಆ ಪಾಯಿಂಟ್‌ಗಳು ಯಾವುವೆಂದು ಮೊದಲೇ ತೀರ್ಮಾನಿಸಬೇಕು. ಅದಕ್ಕೆ ಲೋಡ್ ಲಿಸ್ಟ್ ಬರೆಯುತ್ತೇವೆ. ಮನೆಯಲ್ಲಿ ಏನೇನು ಉರಿಯುತ್ತದೆ, ಎಷ್ಟು ವ್ಯಾಟ್, ಎಷ್ಟು ಗಂಟೆ ಎಂದು ಒಂದೊಂದೇ ಸಾಲು. ಬರೆದಾದ ಮೇಲೆ ಅಗತ್ಯವಿಲ್ಲದ್ದನ್ನು ನಾನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತೇನೆ. ಆ ಕೆಂಪು ಪೆನ್ನಿನ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ಗೌರಮ್ಮನ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಯಂತ್ರ ಗುರ್ ಎನ್ನುತ್ತಾ, ನಡುನಡುವೆ ಉಸ್ಸೆನ್ನುತ್ತಾ ನಡೆಯುತ್ತಿತ್ತು. ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದರೆ 365 ವ್ಯಾಟ್. ಒಂದು ಫ್ಯಾನ್, ಎರಡು ದೀಪ ಸೇರಿಸಿ 410 ಆಯಿತು. ಟಿವಿ ಹೊಡೆದೆ. ಮಿಕ್ಸಿ, ಫ್ರಿಜ್, ಬಚ್ಚಲ ದೀಪ ಹೊಡೆದೆ. ಆಗ ಆಕೆ ಕೈಯೆತ್ತಿ ನಿಲ್ಲಿಸಿದರು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಂಡೇ ಮಾತಾಡಬೇಕಿತ್ತು.

"ಜಗಲಿ ಮೇಲೆ ಒಂದು ಪ್ಲಗ್ ಬೋರ್ಡು ಆಕ್ಸಿ ಸಾ. ಫೋನ್ ಚಾರ್ಜಿಗೆ."

"ಮನೇಲಿರೋದು ಒಂದು ಫೋನು. ಅದಕ್ಕೆ ಒಳಗೇ ಪಾಯಿಂಟ್ ಇದೆಯಲ್ಲಮ್ಮ?"

"ನಮ್ದಲ್ಲ ಸಾ. ಬೀದಿಯೋರ್ದು. ಕರೆಂಟು ಓದಾಗ ಚಾರ್ಜಿಗೆ ಅಂತ ಬತ್ತಾರೆ. ಒಂದು ಗಳಿಗೆ ಕೂತ್ಕೊತಾರೆ."

ನನ್ನ ಅನುಭವ ನನ್ನ ಬಾಯಿ ಬಿಡಿಸಿತು. ಇಂದು ಫೋನ್ ತರುವವರು ನಾಳೆ ಇಸ್ತ್ರಿಪೆಟ್ಟಿಗೆ ತರುತ್ತಾರೆ, ನಾಡಿದ್ದು ನೀರು ಕಾಯಿಸುವ ಕಾಯಿಲ್ ತರುತ್ತಾರೆ. ಕಾಯಿಲ್ ಒಂದೇ ಸಾವಿರದೈನೂರು ವ್ಯಾಟ್. ಇನ್ವರ್ಟರ್ ಟ್ರಿಪ್ ಆದರೆ ಯಂತ್ರ ನಿಲ್ಲುತ್ತದೆ. "ಇದು ನಿಮ್ಮ ಉಸಿರಿನ ಲೆಕ್ಕ ಕಣಮ್ಮ, ಊರೋರ ಫೋನಿನ ಲೆಕ್ಕ ಅಲ್ಲ," ಎಂದು ಆ ಸಾಲನ್ನೂ ಹೊಡೆದೆ.

"ಆಯ್ತು ಬುಡಿ ಸಾ," ಎಂದು ಗೌರಮ್ಮ ಗೋಡೆಯ ಕಡೆ ಹೊರಳಿದರು.

ಚನ್ನಬಸಪ್ಪ ನನ್ನನ್ನು ಹೊರಗೆ ಕಳಿಸಿಕೊಡುವಾಗ ಜಗಲಿ ತೋರಿಸಿದರು. "ಅಂಗ್ಡಿ ಇದ್ದಾಗ ಇಲ್ಲೇ ಕೂತು ಎಲ್ರುನ್ನೂ ಮಾತಾಡ್ಸೋಳು ಸಾ. ಈಗ ಒಬ್ರೂ ಬರಾಕಿಲ್ಲ. ಕಾಯ್ಲೆ ಅಂಟ್ತದೆ ಅಂತ ಕೆಲವ್ರು. ತೊಂದ್ರೆ ಯಾಕೆ ಕೊಡಾದು ಅಂತ ಕೆಲವ್ರು." ನಾನು ತಲೆಯಾಡಿಸಿ ಬೈಕ್ ಹತ್ತಿದೆ.

ಮಾರ್ಚ್‌ನಲ್ಲಿ ಕೆಲಸ ಮುಗಿಯಿತು. 540 ವ್ಯಾಟ್‌ನ ಆರು ಪ್ಯಾನೆಲ್. ಮನೆಯ ತಾರಸಿಗೆ ಮಧ್ಯಾಹ್ನ ತೆಂಗಿನ ಮರದ ನೆರಳು ಬೀಳುತ್ತಿದ್ದುದರಿಂದ ಹಿಂದಿನ ಶೆಡ್ಡಿನ ಮೇಲೆ ಹಾಕಿಸಿದೆ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಸಾಲೇ ಸೊರಗುತ್ತದೆ. ಬ್ಯಾಟರಿಗೆ ಹಳೆಯ ಮಾದರಿಯ ಆಸಿಡ್ ಬ್ಯಾಟರಿ ಬೇಡವೆಂದೆ. ಅದಕ್ಕೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತದೆ. ಐದು ಯೂನಿಟ್ ಹಿಡಿಯುವ ಲಿಥಿಯಂ ಹಾಕಿಸಿದೆ. ಸೂರ್ಯನಿಲ್ಲದಿದ್ದರೂ ಹತ್ತು ಗಂಟೆ ಎಳೆಯುತ್ತದೆ. ಇನ್ವರ್ಟರ್ ತನ್ನ ಲೆಕ್ಕವನ್ನೂ ಲೈನಿನಲ್ಲಿ ಕರೆಂಟು ಹೋದದ್ದು ಬಂದದ್ದನ್ನೂ ವೈಫೈ ಮೂಲಕ ನನ್ನ ಫೋನಿಗೂ ಕಳಿಸುವ ಹಾಗೆ ಮಾಡಿಕೊಂಡೆ. ವೈಫೈ ಪೆಟ್ಟಿಗೆಯನ್ನೂ ಬ್ಯಾಟರಿಗೇ ಸೇರಿಸಿದ್ದೆ, ಅದು ಎಂಟು ವ್ಯಾಟ್.

ಅಂದಿನಿಂದ ದಿನವೂ ಕಾಫಿ ಲೋಟ ಹಿಡಿದು ಫೋನ್ ನೋಡುವುದು ನನ್ನ ಅಭ್ಯಾಸವಾಯಿತು. ಪರದೆಯ ಮೇಲೆ ಆ ಆಯ್ದ ಪಾಯಿಂಟ್‌ಗಳ ವ್ಯಾಟ್ ತೋರಿಸುವ ಒಂದು ಗೆರೆ, ಫ್ಯಾನು ದೀಪದಿಂದ ಅಷ್ಟಿಷ್ಟು ಏರಿಳಿದರೂ 365ರ ಕೆಳಗೆ ಇಳಿಯದೆ ಸಾಗುತ್ತಿತ್ತು. ಗೆರೆ ಇದೆ ಎಂದರೆ ಹಳ್ಳಿಮೈಸೂರಿನಾಚೆ ಗೌರಮ್ಮ ಉಸಿರಾಡುತ್ತಿದ್ದಾರೆ. ನನಗೆ ದಿನದಲ್ಲಿ ಬೇರೆ ಯಾರ ಸುದ್ದಿಯೂ ಬರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಗಾಳಿಗೆ ಆ ಊರಿನ ಕಂಬಗಳು ಮುರಿದು ಒಂಬತ್ತು ಗಂಟೆಗೆ ಕರೆಂಟು ಹೋಯಿತು. ಬಂದದ್ದು ರಾತ್ರಿ ಎಂಟಕ್ಕೆ. ದಿನವಿಡೀ ಮೋಡ, ಪ್ಯಾನೆಲ್ ಕೊಟ್ಟದ್ದು ಒಂದೂವರೆ ಯೂನಿಟ್ ಮಾತ್ರ. ನಾನು ಊಟಕ್ಕೂ ಏಳದೆ ಗೆರೆ ನೋಡುತ್ತಾ ಕೂತಿದ್ದೆ. ಒಮ್ಮೆಯೂ ಅದು ಕಡಿಯಲಿಲ್ಲ. ಕೊನೆಗೆ ಬ್ಯಾಟರಿಯಲ್ಲಿ ಶೇಕಡಾ ನಲವತ್ತು ಉಳಿದಿತ್ತು. ಹೆಮ್ಮೆಯಿಂದ ಫೋನ್ ಮಾಡಿದೆ.

"ಮಿಷನ್ ಒಂದು ನಿಮಿಷಾನೂ ನಿಲ್ನಿಲ್ಲ ಸಾ. ನಿಮ್ ಪುಣ್ಯ," ಎಂದರು ಚನ್ನಬಸಪ್ಪ. ಆಮೇಲೆ, "ಇವ್ಳು ಮಾತ್ರ ಬೆಳಗ್ಗಿಂದ ಬಾಗ್ಲನ್ನೇ ನೋಡ್ತಾ ಮನಗಿದ್ಲು. ಬೀದೀಲಿ ಎಲ್ರ ಫೋನೂ ಆಫ್ ಆಗಿತ್ತಂತೆ. ನಮ್ಮನೇಲಿ ಕರೆಂಟ್ ಐತೆ ಅಂತ ಯಾರ್ಗೂ ಗೊತ್ತಿಲ್ಲ," ಎಂದರು.

ಆ ಮಾತು ನನಗೆ ಚುಚ್ಚಿತು. ಸತ್ಯ ಹೇಳಬೇಕೆಂದರೆ ಅದಕ್ಕೆ ಪರಿಹಾರ ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಜಗಲಿಯ ಬೋರ್ಡಿಗೆ ಎರಡು ಆಂಪಿಯರ್‌ನ ಸಣ್ಣ ಎಂಸಿಬಿ, ಅಂದರೆ ಹೆಚ್ಚು ಎಳೆದರೆ ತಾನೇ ಬೀಳುವ ಸ್ವಿಚ್ ಕೊಟ್ಟರೆ ಸಾಕು. ಯಾರಾದರೂ ಕಾಯಿಲ್ ಹಾಕಿದರೆ ಆ ಬೋರ್ಡು ಮಾತ್ರ ಸಾಯುತ್ತದೆ, ಯಂತ್ರಕ್ಕೆ ಏನೂ ಆಗುವುದಿಲ್ಲ. ಅರ್ಧ ಗಂಟೆಯ ಕೆಲಸ. ಅಷ್ಟು ಯೋಚಿಸುವ ವ್ಯವಧಾನ ಕೆಂಪು ಪೆನ್ನಿಗೆ ಇರಲಿಲ್ಲ. "ಮುಂದಿನ ಸಲ ಬಂದಾಗ ಹಾಕಿಕೊಡ್ತೀನಿ ಬಿಡಿ," ಎಂದೆ. ಮಳೆಗಾಲ ಬಂತು. ಮೊಣಕಾಲು ನೋವಿನ ನೆಪ ಇತ್ತು. ಹೋಗಲಿಲ್ಲ.

ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ ಕಾಫಿ ಹಿಡಿದು ನೋಡಿದರೆ ಗೆರೆ ವೈಫೈ ಪೆಟ್ಟಿಗೆಯ ಎಂಟು ವ್ಯಾಟ್‌ಗೆ ಇಳಿದಿತ್ತು. ಆಸ್ಪತ್ರೆಗೆ ಸೇರಿಸಿರಬಹುದು ಎಂದುಕೊಂಡೆ. ಸೇರಿಸಿದ್ದೂ ನಿಜ. ನಾಲ್ಕನೆಯ ದಿನ ಗೌರಮ್ಮ ಅಲ್ಲೇ ತೀರಿಕೊಂಡರು. ಆಸ್ಪತ್ರೆ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ. ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಕಾರ್ಯಗಳೆಲ್ಲ ಕಳೆದ ಮೇಲೆ ಊರಿಗೆ ಹೋದೆ. ಯಂತ್ರದ ಮೇಲೆ ಒಂದು ಟವೆಲ್ ಹೊದಿಸಿ ಮೂಲೆಗೆ ಸರಿಸಿದ್ದರು. ಮನೆಯಲ್ಲಿ ಅದರ ಗುರ್ ಶಬ್ದವಿರಲಿಲ್ಲ. ನನ್ನ ಹೆಂಡತಿ ಹೋದ ಮೇಲಿನ ನನ್ನ ಮನೆಯೂ ಹೀಗೇ ಇತ್ತು, ಈಗಲೂ ಹೀಗೇ ಇದೆ. ತಡೆಯಲಾರದೆ, "ತಪ್ಪಾಯ್ತು ಬಸಪ್ಪೋರೇ. ಅಮ್ಮಾವ್ರು ಕೇಳಿದ್ದು ಅದೊಂದೇ," ಎಂದೆ.

ಅವರು ಕೋಪಿಸಿಕೊಳ್ಳಲಿಲ್ಲ. "ಈಗ ಆಕ್ಕೊಡ್ತೀರಾ ಸಾ ಆ ಬೋರ್ಡ?" ಎಂದಷ್ಟೇ ಕೇಳಿದರು.

ಹಳ್ಳಿಮೈಸೂರಿಗೆ ಹೋಗಿ ಸಾಮಾನು ತಂದು ನಾನೇ ಕೂತು ಹಾಕಿದೆ. ಎಂಟು ಸಾಕೆಟ್, ಒಂದು ಎಂಸಿಬಿ. ಇಪ್ಪತ್ತೈದು ನಿಮಿಷ ಹಿಡಿಯಿತು.

ಆಮೇಲೆ ಆದದ್ದೇ ಬೇರೆ. ಆ ಮಳೆಗಾಲದ ಕೊನೆಗೆ ನಮ್ಮವರು ಆ ಊರಿಗೆ ಹೊಸ ಕಂಬ, ಹೊಸ ತಂತಿ ಎಳೆದಿದ್ದರು. ನಾನು ನೌಕರಿಯಲ್ಲಿದ್ದಾಗ ಎಷ್ಟು ಬರೆದರೂ ಆಗದ ಕೆಲಸ. ಕರೆಂಟು ಹೋಗುವುದೇ ನಿಂತಿತು. ಚನ್ನಬಸಪ್ಪ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಬೆಳಿಗ್ಗೆ ಎದ್ದು ಜಗಲಿ ಗುಡಿಸಿ ಚಾಪೆ ಹಾಸುತ್ತಾರಂತೆ.

"ಕರೆಂಟು ಯಾವಾಗ ಓಯ್ತದೆ ಸಾ?"

ಮೂವತ್ತಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಹೋಗುತ್ತೆ ಬಿಡಿ, ನಮ್ಮ ಲೈನು ನನಗೆ ಗೊತ್ತಿಲ್ವೇ," ಎನ್ನುತ್ತಿದ್ದೆ. ಹೇಳಿ ಫೋನಿಟ್ಟ ಮೇಲೆ, ನೌಕರಿಯುದ್ದಕ್ಕೂ ಹೋಗದಿರಲಿ ಎಂದು ಬೇಡಿದವನು ಹೋಗಲಿ ಎಂದು ಕಾಯುತ್ತಾ ಕೂರುತ್ತಿದ್ದೆ.

ಈಗಲೂ ನಾನು ಮನೆ ನೋಡಲು ಹೋಗುತ್ತೇನೆ, ಲೋಡ್ ಲಿಸ್ಟ್ ಬರೆಯುತ್ತೇನೆ. ಎಷ್ಟು ವ್ಯಾಟ್, ಎಷ್ಟು ಗಂಟೆ ಎಂದ ಮೇಲೆ 'ಯಾಕೆ ಬೇಕು' ಎಂದು ಕೇಳಿ ಅದನ್ನೂ ಬರೆದುಕೊಳ್ಳುತ್ತೇನೆ. ಕೆಂಪು ಪೆನ್ನು ಜೇಬಿನಲ್ಲೇ ಇರುತ್ತದೆ, ಆದರೆ ಉತ್ತರ ಕೇಳುವ ತನಕ ತೆಗೆಯುವುದಿಲ್ಲ. ಬ್ಯಾಟರಿ ಎಷ್ಟು ದೊಡ್ಡದಿರಬೇಕೆಂದು ಯಂತ್ರಗಳನ್ನು ಎಣಿಸಿದರೆ ತಿಳಿಯುತ್ತದೆ, ಯಾವುದು ಅಗತ್ಯವೆಂದು ಆ ಮನೆಯಲ್ಲಿರುವವರು ಹೇಳಬೇಕು. ಇದನ್ನು ಕಲಿಯಲು ನಾನು ನಿವೃತ್ತನಾಗಬೇಕಾಯಿತು, ಗೌರಮ್ಮ ಹೋಗಬೇಕಾಯಿತು.

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ಆ ಊರಿನ ಕರೆಂಟು ಹೋಯಿತು. ಫೋನಿನಲ್ಲಿ ಗೆರೆ ಎಂಟರಲ್ಲೇ ಇತ್ತು. ಮೂರೂವರೆಗೆ ಹದಿನೆಂಟಾಯಿತು. ಒಂದು ಫೋನಿಗೆ ಸುಮಾರು ಹತ್ತು ವ್ಯಾಟ್ ಎಂದು ಹಿಡಿದರೆ ಒಬ್ಬರು ಬಂದಿದ್ದಾರೆ. ನಾಲ್ಕಕ್ಕೆ ಐವತ್ತಾಯಿತು. ನಾಲ್ಕೂಕಾಲಿಗೆ ಎಪ್ಪತ್ತೆಂಟು. ಕೈ ಫೋನ್ ಮಾಡಲು ತುಡಿಯಿತು, ಮಾಡಲಿಲ್ಲ. ಜನ ಕೂತಿರುವಾಗ ಆ ಮನುಷ್ಯನನ್ನು ಯಾಕೆ ಎಬ್ಬಿಸಬೇಕು? ಹಾಸನದ ನನ್ನ ಕೋಣೆಯಲ್ಲಿ ಕೂತು ಆ ಗೆರೆ ನೋಡುತ್ತಲೇ ಇದ್ದೆ. ಐದೂ ಮುಕ್ಕಾಲಿಗೆ ಕರೆಂಟು ಬಂತು. ಆರರ ಹೊತ್ತಿಗೆ ಗೆರೆ ಮತ್ತೆ ಎಂಟಕ್ಕೆ ಇಳಿಯಿತು.

ಆಗ ಫೋನ್ ಮಾಡಿದೆ.

"ಈಗ್ತಾನೆ ಎದ್ದೋದ್ರು ಸಾ," ಎಂದರು ಚನ್ನಬಸಪ್ಪ. "ಏಳು ಫೋನು ಬಂದಿದ್ವು. ಬೋರ್ಡಲ್ಲಿ ಒಂದು ಪ್ಲಗ್ಗು ಖಾಲಿ ಇತ್ತು. ನೀವ್ಯಾಕ್ ಬರ್ನಿಲ್ಲ?"