ಗೇಟಿನ ಮುಂದಿನ ಕೆಂಪು ಅಂಚು

ಎಂಬತ್ತರ ದಶಕದಲ್ಲಿ ನಾನು ಮದರಾಸಿನ ಗಿಂಡಿಯ ಒಂದು ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಪವರ್ ಕಟ್ಟಿನ ಕಾಟ ತಾಳಲಾರದೆ ಮಾಲೀಕರು ಭತ್ತದ ಹೊಟ್ಟು, ಮರದ ಚೂರು ಉರಿಸಿ ತಾವೇ ಕರೆಂಟು ಮಾಡಿಕೊಳ್ಳುತ್ತಿದ್ದರು. ಮರದ ಜೊತೆ ಹಳೆಯ ಕಂಬಗಳೂ ಬರುತ್ತಿದ್ದವು. ಗೆದ್ದಲು ಹಿಡಿಯದಿರಲೆಂದು ಅವಕ್ಕೆ ಯಾವ ಕಾಲದಲ್ಲೋ ಆರ್ಸೆನಿಕ್ ಕುಡಿಸಿದ್ದರು, ಅಂದರೆ ನಮ್ಮ ಅಜ್ಜಿಯರು ಪಾಷಾಣ ಎನ್ನುತ್ತಿದ್ದ ವಸ್ತು. ಬೂದಿ ಆರಿಸಿದ ನೀರಿಗೆ ಅದು ಇಳಿಯುತ್ತಿತ್ತು. ಆ ನೀರಿಗೆ ಸುಣ್ಣ, ಕಬ್ಬಿಣದ ಲವಣ ಹಾಕಿ ಕಲಕಿದರೆ ವಿಷ ಕೆಂಪು ರಾಡಿಯ ಜೊತೆ ತಳ ಸೇರುತ್ತಿತ್ತು. ಮೇಲಿನ ತಿಳಿನೀರನ್ನು ಪರೀಕ್ಷಿಸಿ ಮೋರಿಗೆ ಬಿಡಿಸುವುದು ನನ್ನ ಕೆಲಸ. ರಾಡಿಯನ್ನು ಟ್ಯಾಂಕಿನ ಹಿಂದೆ ಒಣಗಲು ಹರಡುತ್ತಿದ್ದರು. ಆ ಕಡೆ ತಲೆ ಹಾಕುವ ಪುರುಸೊತ್ತು ಯಾರಿಗೂ ಇರಲಿಲ್ಲ. ಸಾಹೇಬರು ಕೇಳುತ್ತಿದ್ದದ್ದು ನೀರಿನ ಸುದ್ದಿ ಮಾತ್ರ.

ಒಂದು ಮಾರ್ಗಳಿ ತಿಂಗಳಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಗೇಟಿನ ಮುಂದಿನ ರಂಗೋಲಿಗೆ ಕೆಂಪು ಅಂಚು ಬಂತು. ಹಾಕುತ್ತಿದ್ದವರು ನಮ್ಮ ಕ್ಯಾಂಟೀನಿನ ಅಡುಗೆಯ ಅಮ್ಮ, ವೆಸ್ಟ್ ಮಾಂಬಲಂನಲ್ಲಿ ಬೇರು ಬಿಟ್ಟ ಕನ್ನಡದವರು. ಆ ತಿಂಗಳು ಬಿಳಿ ರಂಗೋಲಿಗೆ ಕೆಮ್ಮಣ್ಣಿನ ಅಂಚು ಕಟ್ಟದಿದ್ದರೆ ಮದರಾಸಿನ ಹೆಂಗಸರಿಗೆ ಸಮಾಧಾನವಿಲ್ಲ. ಸಾಹೇಬರೂ ಕಾರು ನಿಲ್ಲಿಸಿ ಹೊಗಳಿದರು. ಇಷ್ಟು ನುಣುಪಾದ ಮಣ್ಣು ಎಲ್ಲಿ ಸಿಕ್ಕಿತೆಂದು ನಾನು ಸುಮ್ಮನೆ ಮಾತಿಗೆ ಕೇಳಿದೆ.

“ನಿಮ್ಮ ಟ್ಯಾಂಕ್ ಹಿಂದೆ ಒಣಗಿಸಿದೀರಲ್ಲ ಸಾರ್, ಆ ಸೆಮ್ಮಣ್ಣೇ. ಜರಡಿ ಹಿಡಿದ್ರೆ ಪೌಡರ್ ಮಾದಿರಿ ಬರುತ್ತೆ.”

ಅದು ಮಣ್ಣಲ್ಲ, ನೀರಿನಿಂದ ತೆಗೆದ ಪಾಷಾಣವೆಲ್ಲ ಅದರಲ್ಲೇ ಕೂತಿದೆ ಎಂದು ಹೇಳಿ, ಅವರನ್ನು ನಲ್ಲಿಯ ಹತ್ತಿರ ಕರೆದೊಯ್ದು ಸೋಪು ಕೊಟ್ಟೆ. ಕೈ ತೊಳೆಯುತ್ತಿದ್ದವರು ನಡುವೆ ನಿಂತುಬಿಟ್ಟರು. ಮನೆಗೂ ಒಂದು ಡಬ್ಬ ಒಯ್ದಿದ್ದರಂತೆ.

“ಸೊಸೆ ಬಸುರಿ ಸಾರ್,” ಎಂದರು. “ಮಣ್ಣು ತಿನ್ನೋ ಬಯಕೆ ಅವಳಿಗೆ.”

ಯಾರಿಗೂ ಹೇಳದೆ ಕೇಳದೆ ಇಬ್ಬರೂ ಎಲೆಕ್ಟ್ರಿಕ್ ಟ್ರೇನ್ ಹತ್ತಿದೆವು. ಎರಡೇ ಸ್ಟೇಷನ್. ಅವರು ಕೂರಲಿಲ್ಲ, ಬಾಗಿಲ ಕಂಬಿ ಹಿಡಿದು ನಿಂತೇ ಇದ್ದರು. ಏನಾದರೂ ಧೈರ್ಯ ಹೇಳಬೇಕೆನಿಸಿತು. ಆದರೆ ನನಗೇ ಭಯವಾಗಿತ್ತು.

ಮನೆಯಲ್ಲಿ ಸೊಸೆ ಅಕ್ಕಿ ಆರಿಸುತ್ತಿದ್ದಳು. ಡಬ್ಬ ಗೂಡಿನಲ್ಲಿತ್ತು, ಮುಚ್ಚಳ ತೆರೆದಿತ್ತು. ಅತ್ತೆ ಚಪ್ಪಲಿ ಕಾಲಲ್ಲೇ ಒಳನುಗ್ಗಿ ಅವಳ ಗಲ್ಲ ಹಿಡಿದು ಬಾಯಿ ತೆರೆಸಿ, ಇದನ್ನು ತಿಂದೆಯಾ ಎಂದು ಕೇಳಿದರು. ಗುರುತಿಲ್ಲದ ಗಂಡಸಿನ ಎದುರು ಬಯಕೆಯ ಗುಟ್ಟು ಹೊರಬಿದ್ದದ್ದಕ್ಕೆ ಆ ಹುಡುಗಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

“ತಿನ್ನೋಣ ಅಂತ್ಲೇ ತೆಗೆದೆ ಅತ್ತೆ. ನೀರು ಚಿಮುಕಿಸಿ ನೋಡಿದೆ. ಮಳೆ ಬಿದ್ದ ವಾಸನೆನೇ ಬರ್ಲಿಲ್ಲ. ಇದನ್ನ ಯಾರು ತಿಂತಾರೆ?”

ಅತ್ತೆ ಅವಳ ಗಲ್ಲ ಬಿಡಲಿಲ್ಲ. ಹಾಗೆಯೇ ಹಿಡಿದುಕೊಂಡು ಅಳತೊಡಗಿದರು.