ಎರವಲು ಮನೆತನ

ನಮ್ಮ ಕಡೆ ಸರ್‌ನೇಮ್ ಎಂಬುದೇ ಇಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಅಷ್ಟಕ್ಕೆ ಮುಗಿಯಿತು. ಎಲೆಕ್ಟ್ರಾನಿಕ್ ಸಿಟಿಯ ಕಾಲ್ ಸೆಂಟರ್ ಸೇರಿದ ಮೇಲೆ ನನಗೂ ಒಂದು ಇಂಗ್ಲಿಷ್ ಮನೆತನ ಸಿಕ್ಕಿತು. ಇಂಗ್ಲೆಂಡಿನಲ್ಲಿ ಮನೆಯನ್ನು ಬೆಚ್ಚಗಿಡುವ ಬಿಸಿನೀರಿನ ಬಾಯ್ಲರ್ ಕೆಟ್ಟವರು ನಮಗೆ ಫೋನ್ ಮಾಡುತ್ತಾರೆ. ನಾವು ಅಲ್ಲೇ ಇರುವವರಂತೆ, ಅಲ್ಲಿನವರ ಹೆಸರು ಹೇಳಿಕೊಂಡು ಮಾತಾಡಬೇಕು. ಸಾಮಾನ್ಯ ಹೆಸರುಗಳನ್ನೆಲ್ಲ ಹಳಬರು ಬಾಚಿಕೊಂಡಿದ್ದರು. ಟೀಮ್ ಲೀಡರ್ ಇಂಟರ್‌ನೆಟ್ ಜಾಲಾಡಿ, ಯಾರೂ ಕೇಳಿರದ ಒಂದನ್ನು ನನ್ನ ತಲೆಗೆ ಕಟ್ಟಿದ.

ಯಾರೂ ಕೇಳಿರದ್ದು ಎಂದುಕೊಂಡದ್ದು ನಮ್ಮ ಪೆದ್ದುತನ. ಒಂದು ಮಧ್ಯಾಹ್ನ ಫೋನ್ ಮಾಡಿದ ಮುದುಕರೊಬ್ಬರದ್ದೂ ಅದೇ ಸರ್‌ನೇಮ್. ಚಳಿಗೆ ಅವರ ದನಿ ನಡುಗುತ್ತಿತ್ತು, ಆದರೂ ಬಾಯ್ಲರ್ ವಿಷಯ ಮರೆತೇಬಿಟ್ಟರು. ಆ ಹೆಸರು ಹುಟ್ಟಿದ್ದು ಒಂದು ಕಣಿವೆಯಲ್ಲಿ, ಕುರಿ ಸಾಕುವವರ ಒಂಟಿ ಮನೆಯಿಂದಂತೆ. ತಲೆತಲಾಂತರ ಆ ಹೆಸರಿನವರೆಲ್ಲ ಅಲ್ಲೇ ಸುತ್ತಮುತ್ತ ಇದ್ದರಂತೆ. ಆಮೇಲೆ ಕೆಲವರು ಬಟ್ಟೆ ಗಿರಣಿಗಳ ಊರಿಗೆ ಹೋದರು, ಒಂದು ಕವಲು ಹಡಗು ಹತ್ತಿ ಆಸ್ಟ್ರೇಲಿಯಾ ಸೇರಿತು. ಕಣಿವೆಯಲ್ಲಿ ಈಗ ಉಳಿದವರು ಇವರೊಬ್ಬರೇ.

"ನೀನು ಯಾವ ಕವಲಿನವಳು?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ. ಗಂಡನ ಫ್ಯಾಕ್ಟರಿ ಮುಚ್ಚಿದ ಮೇಲೆ ಚಂದಾಪುರದ ನಮ್ಮ ಮನೆ ನಡೆಯುತ್ತಿದ್ದುದೇ ನನ್ನ ಸಂಬಳದಿಂದ. ಆದರೆ ಅವರ ಕೆಮ್ಮು ಕೇಳಿ ಕರುಳು ಚುರುಕ್ ಎಂದಿತು. ವಯಸ್ಸಾದವರನ್ನು ತಾತ ಎನ್ನದೆ ಮಾತಾಡಿಸಿ ನನಗೆ ಅಭ್ಯಾಸವಿಲ್ಲ. ಬೆಚ್ಚಗೆ ಹೊದ್ದುಕೊಂಡಿರಿ ಗ್ರ್ಯಾಂಡ್‌ಪಾ, ಮೆಕ್ಯಾನಿಕ್ ಬರುತ್ತಾನೆ ಎಂದುಬಿಟ್ಟೆ. ಹಾಗಾದರೆ ನೀನು ನಮ್ಮವಳೇ, ನನ್ನ ಮೊಮ್ಮಗಳು ಎಂದರು. ಅವರ ಕಡೆ ಸಂಬಂಧವಿಲ್ಲದವರು ಯಾರೂ ಹಾಗೆ ಕರೆಯುವುದಿಲ್ಲವೆಂದು ನನಗೇನು ಗೊತ್ತು?

ಬಾಯ್ಲರ್ ರಿಪೇರಿಯಾದ ಮೇಲೂ ಫೋನ್ ಬರತೊಡಗಿತು, ನನ್ನನ್ನೇ ಕೇಳಿಕೊಂಡು. ಆ ಹೆಸರು ಬದಲಿಸಿಕೊಡಿ ಎಂದು ಟೀಮ್ ಲೀಡರ್ ಹತ್ತಿರ ಗೋಗರೆದೆ.

"ಅಯ್ಯೋ, ಆ ಮುದುಕ ಫುಲ್ ರೇಟಿಂಗ್ ಕೊಡ್ತಾರೆ ಮೇಡಂ. ಸುಮ್ನೆ ಕಂಟಿನ್ಯೂ ಮಾಡಿ" ಎಂದ.

ಮನೆಯಲ್ಲಿ ಅತ್ತೆಗೆ ಹೇಳಿದರೆ, "ಮೊಮ್ಮಗ್ಳು ಅಂದ್ಕೊಂಡ್ರೆ ಅಂದ್ಕೊಳ್ಳಿ ಬಿಡವ್ವ, ನಿನ್ ಗಂಟೇನ್ ಓಯ್ತು?" ಎಂದರು. ಆ ಮುದುಕರಿಗೆ ಸುಳ್ಳು ಹೇಳಬೇಕಾಗಿದ್ದುದು ನಾನು, ಅವರಲ್ಲ.

ಒಂದು ದಿನ ಮುದುಕರು ಮೆಲ್ಲಗೆ ಕೇಳಿದರು: ತಾನು ಸತ್ತಾಗ ಗುಂಡಿಯ ಪಕ್ಕ ನಿಲ್ಲಲು ಆ ಹೆಸರಿನವರು ಯಾರೂ ಇಲ್ಲ, ನೀನು ಬರುತ್ತೀಯಾ? ಪಕ್ಕದ ಹೆಡ್‌ಸೆಟ್‌ನಲ್ಲಿ ಕೇಳಿಸಿಕೊಳ್ಳುತ್ತಿದ್ದ ಟೀಮ್ ಲೀಡರ್, ಹೂಂ ಅನ್ನಿ ಎಂದು ಕೈಸನ್ನೆ ಮಾಡಿದ. ಹಿಡಿ ಮಣ್ಣು ಹಾಕಲು ಮನೆತನದವರಿಲ್ಲ ಎಂದರೆ ನಮ್ಮಲ್ಲಿ ಶತ್ರುವೂ ಮರುಗುತ್ತಾನೆ.

"ಬರ್ತೀನಿ, ಗ್ರ್ಯಾಂಡ್‌ಪಾ" ಎಂದೆ.

ಅವರು ಫೋನ್ ಇಡಲಿಲ್ಲ. ಅವರು ಇಡುವವರೆಗೆ ನಾನು ಇಡುವಂತಿಲ್ಲ. ಯಾವ ರೈಲು ಹತ್ತಬೇಕು, ಎಲ್ಲಿ ಇಳಿಯಬೇಕು, ಸ್ಟೇಷನ್ನಿನಿಂದ ಸ್ಮಶಾನಕ್ಕೆ ಯಾವ ದಾರಿ ಎಂದು ನಿಧಾನವಾಗಿ ಹೇಳತೊಡಗಿದರು. ಸೇತುವೆ ಹತ್ತಿರ ಕೆಸರಿರುತ್ತದೆ, ಒಳ್ಳೆಯ ಬೂಟು ಹಾಕಿಕೊಂಡು ಬಾ ಎಂದರು.