ದ್ರಾಕ್ಷಿ ತೋಟದ ಸೊಸೆಗೆ ಯಾಕೆ ವಿದ್ಯಾರ್ಥಿವೇತನ

ಪಾಲಬಾವಿಯಲ್ಲಿ ನಮ್ಮದು ಕುರಿ ಕಾಯುವ ಮನೆ. ಡಿಗ್ರಿ ಓದುವಾಗ ಸರಕಾರದ ವಿದ್ಯಾರ್ಥಿವೇತನ ತಡವಾಗಿಯಾದರೂ ನೇರ ನನ್ನ ಖಾತೆಗೇ ಬರುತ್ತಿತ್ತು. ಬಸ್ ಪಾಸಿಗೆ, ಪುಸ್ತಕಕ್ಕೆ ಅಪ್ಪನ ಮುಖ ನೋಡಲಿಲ್ಲ.

ಎಂ.ಎ. ಸೇರಿದ ವರ್ಷವೇ ಅಥಣಿ ಕಡೆಗೆ ಮದುವೆ ಮಾಡಿಕೊಟ್ಟರು. ನಮ್ಮ ಜಾತಿಯವರೇ, ಆದರೆ ದ್ರಾಕ್ಷಿ ಬೆಳೆದು ಮೇಲೆ ಬಂದವರು. "ಸೊಸಿನ್ನ ಓದಸ್ತೀವ್ರಿ" ಎಂದು ಮಾವ ಹತ್ತು ಮಂದಿಯ ಮುಂದೆ ಮಾತು ಕೊಟ್ಟಿದ್ದರು.

ವಿದ್ಯಾರ್ಥಿವೇತನದ ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ನನ್ನ ಹೆಸರು ಆಗಲೇ ಗಂಡನ ಮನೆಯ ರೇಷನ್ ಕಾರ್ಡಿಗೆ ಬಂದಿತ್ತು. ತಾಲ್ಲೂಕು ಕಚೇರಿಯ ಗುಮಾಸ್ತ ಕಾಗದ ನೋಡಿ, "ದ್ರಾಕ್ಷಿ ತ್ವಾಟದ ಸೊಸಿ ಅದೀರಿ. ನಿಮಗ್ಯಾಕ್ರಿ ಇದು?" ಎಂದ.

"ತ್ವಾಟ ಮಾವನ ಹೆಸರಿಲೆ ಐತ್ರಿ. ನನ್ನ ಕೈಯಾಗ ಏನೂ ಇಲ್ಲ."

"ಹಂಗಾದ್ರ ಅವರನ್ನ ಕೇಳ್ರಿ" ಎಂದು ಅರ್ಜಿ ಮರಳಿ ಕೊಟ್ಟ.

ಕೇಳಿದೆ. ಪರೀಕ್ಷೆಯ ಶುಲ್ಕ ಕಟ್ಟಲು ವಾರವಷ್ಟೇ ಉಳಿದಿತ್ತು. ಮಾವ ಊಟ ಮಾಡುತ್ತಲೇ, "ಮುಂದಿನ ವರ್ಷ ಪರೀಕ್ಷಾ ಬರೂದಿಲ್ಲೇನು?" ಎಂದರು. ಗಂಡ ತಲೆ ಎತ್ತಲಿಲ್ಲ.

ಆಗ ತೋಟದಲ್ಲಿ, ಉಳಿದವು ದಪ್ಪಗಾಗಲೆಂದು ಗೊನೆಯ ಒತ್ತಾದ ಕಾಯಿ ಕತ್ತರಿಸುವ ಕೆಲಸ. ಆಳಿನ ಹೆಂಗಸರ ಜೊತೆ ನಾನೂ ಕೈ ಮೇಲೆತ್ತಿ ದಿನವಿಡೀ ನಿಲ್ಲುತ್ತಿದ್ದೆ. ಪಗಾರದ ದಿನ ಅವರ ಸಾಲಿನಲ್ಲಿ ನಿಂತೆ. "ನನ್ನ ಕೂಲಿ ಕೊಡ್ರಿ" ಎಂದೆ. ಆಳುಗಳು ನೆಲ ನೋಡಿದರು. ಮಾವ ನನ್ನನ್ನು ಬಿಟ್ಟು ಹಿಂದಿನವಳಿಗೆ ಹಣ ಕೊಟ್ಟರು.

ಮರುದಿನ ಕತ್ತರಿ ಹಿಡಿದು ಪಕ್ಕದವರ ತೋಟಕ್ಕೆ ಕೂಲಿಗೆ ಹೋದೆ. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ಅತ್ತೆ ಬದುವಿನ ಮೇಲೆ ಬಂದು ನಿಂತು, "ಮನಿ ಮರ್ಯಾದಿ ಕಳದಿ. ನಡಿ" ಎಂದರು. ಸಂಜೆಯವರೆಗೆ ದುಡಿದು, ಕೂಲಿ ತೆಗೆದುಕೊಂಡೇ ಮನೆಗೆ ಹೋದೆ. ಅದು ಶುಲ್ಕದ ಕಾಲು ಭಾಗಕ್ಕೂ ಸಾಲುತ್ತಿರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಮಾವ ಪೂರ್ತಿ ಶುಲ್ಕ ತಂದು ಕಟ್ಟೆಯ ಮೇಲಿಟ್ಟರು. ನನ್ನ ಓದು ಅವರಿಗೆ ಬೇಕಿರಲಿಲ್ಲ. ಸೊಸೆ ಇನ್ನೊಬ್ಬರ ತೋಟದಲ್ಲಿ ಕಾಣಬಾರದಾಗಿತ್ತು, ಅಷ್ಟೇ. ಆಮೇಲೆ ಪ್ರತಿ ಶುಲ್ಕವೂ ಹಾಗೇ ಕಟ್ಟೆಯ ಮೇಲೆ ಬಂತು, ಕೇಳಿ ಕೇಳಿ ನಾಲಿಗೆ ಸವೆದ ಮೇಲೆ.

ಎಂ.ಎ. ಪಾಸಾದಾಗ ಮಾವ ಊರಿಗೆಲ್ಲ ಪೇಢೆ ಹಂಚಿದರು. "ನಾನ ಓದಿಸೀನಿ" ಎಂದರು. ಬಂದವರು ನನಗೂ ಹೇಳಿದರು: "ಪುಣ್ಯಾ ಮಾಡೀ ಬೇ, ಇಂಥಾ ಮನಿ ಸಿಕ್ಕೈತಿ."

ನಾನು ಹೌದ್ರಿ ಎಂದೆ. ಯಾಕೆ ಹಾಗೆಂದೆನೋ, ಈಗಲೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ.